ತಲೆದಿಂಬಿಗೆ ಅಲರ್ಜಿ ಇದೆಯೇ?

ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ, ಮಂಗಳೂರಿನ ನರ್ಸಿಂಗ್ ಕಾಲೇಜಿನ ಮೊದಲ ವರ್ಷವೆಲ್ಲ ಅನಾಟಮಿ ಪುಸ್ತಕವನ್ನು ಉರು ಹೊಡೆಯುವುದರಲ್ಲೇ ಕಳೆದುಹೋಯಿತು. ಬೆಳಗ್ಗೆ ಕ್ಲಿನಿಕಲ್ ಪೋಸ್ಟಿಂಗ್, ಮಧ್ಯಾಹ್ನ ತರಗತಿ, ರಾತ್ರಿ ಹಾಸ್ಟೆಲ್ಲಿನಲ್ಲಿ ಕೇಸ್ ಸ್ಟಡಿ ಬರೆಯುವುದು ಎಂಬ ಸುತ್ತಿನಲ್ಲಿ ಬಿ.ಎಸ್ಸಿ. ನರ್ಸಿಂಗಿನ ನಾಲ್ಕು ವರ್ಷ ಮುಗಿಯಿತು. ವಾರ್ಡಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಎಲ್ಲವೂ ಕೇಳಿಬರುತ್ತಿದ್ದವು. ಘಟ್ಟದ ಮೇಲಿನಿಂದ ಬಂದ ನಾನು ಕೈಸನ್ನೆಯಲ್ಲಿ ಕೆಲಸ ಸಾಗಿಸುತ್ತಿದ್ದೆ. ಡಾಕ್ಟರು ರೌಂಡ್ಸಿಗೆ ಬಂದಾಗ ಫೈಲು ಹಿಡಿದು ಹಿಂದೆ ನಿಂತು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗಿಯೇ ಒಳ್ಳೆಯ ವಿದ್ಯಾರ್ಥಿನಿ ಎನಿಸಿಕೊಳ್ಳುತ್ತಿದ್ದಳು. ಆ ಹೆಸರು ನನಗೂ ಇತ್ತು. ಇಂಗ್ಲೆಂಡಿಗೆ ಬಂದ ಮೇಲೆ ನನ್ನನ್ನು ಹೆಚ್ಚು ಕಾಡಿದ್ದು ಅದೇ ಒಳ್ಳೆಯ ಹೆಸರು.

ಇಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ನಾನು ಆರಿಸಿಕೊಂಡ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಆಲಿಸುವಿಕೆ ಮತ್ತು ಮಾತಿಗೆ ತಲಾ 7, ಬರವಣಿಗೆಗೆ 6.5 ಅಂಕ ಬೇಕಿತ್ತು. ಕಂಪ್ಯೂಟರಿನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆಯನ್ನು ಊರಿನಲ್ಲಿದ್ದಾಗಲೇ ಮುಗಿಸಿದ್ದೆ. ಬಂದ ಮೇಲೆ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಉಳಿದಿತ್ತು. ಅದರಲ್ಲಿ ಹತ್ತು ಸ್ಟೇಷನ್‌ಗಳು, ಅಂದರೆ ಒಂದೊಂದು ಕೆಲಸವನ್ನು ಪರೀಕ್ಷಿಸುವ ಹಂತಗಳು, ಇರುತ್ತವೆ. ಮಾಡಿ ತೋರಿಸಬೇಕಾದ ಕಡೆಗಳಲ್ಲಿ ಕೈ ಮಾಡುತ್ತಿರುವುದನ್ನು ಬಾಯಿಯೂ ಹೇಳುತ್ತಿರಬೇಕು. ಔಷಧಿ ಕೊಡುವ ಸ್ಟೇಷನ್ನಿನಲ್ಲಿ ನಾನು ರೋಗಿಯ ಪಾತ್ರದವರ ಕೈಪಟ್ಟಿಯನ್ನು ಓದಿದೆ, ಚಾರ್ಟನ್ನು ಎರಡು ಸಲ ನೋಡಿದೆ, ಆದರೆ "ನಿಮಗೆ ಯಾವುದಾದರೂ ಔಷಧಿಯ ಅಲರ್ಜಿ ಇದೆಯೇ?" ಎಂದು ಬಾಯಿಬಿಟ್ಟು ಕೇಳಲಿಲ್ಲ. ಆ ಸ್ಟೇಷನ್ನಿನಲ್ಲಿ ನಪಾಸಾದೆ. ಐದು ವರ್ಷ ಐಸಿಯುನಲ್ಲಿ ದುಡಿದವಳು ಮಾತ್ರೆ ಕೊಡುವುದರಲ್ಲಿ ನಪಾಸಾದಳೆಂದು ಮನೆಗೆ ತಿಳಿಸಲು ನನಗೆ ಒಂದು ವಾರ ಬೇಕಾಯಿತು. ಅನಂತರ ನಮ್ಮ ಬಾಡಿಗೆ ಮನೆಯಲ್ಲಿ ತಲೆದಿಂಬೊಂದಕ್ಕೆ ಕೈಪಟ್ಟಿ ಕಟ್ಟಿ, ಪ್ರತಿ ರಾತ್ರಿ ಅದರ ಹೆಸರು, ಹುಟ್ಟಿದ ದಿನಾಂಕ, ಅಲರ್ಜಿ ವಿಚಾರಿಸುತ್ತ ಅಭ್ಯಾಸ ಮಾಡಿದೆ. ಎರಡನೆಯ ಸಲ ಪಾಸಾಗಿ ಪಿನ್ ಎಂಬ ನೋಂದಣಿ ನಂಬರು ಕೈಗೆ ಬಂದಾಗ, ಸಂಬಳದ ದರ್ಜೆಯಲ್ಲಿ ಬ್ಯಾಂಡ್ 4ರಿಂದ ನೋಂದಾಯಿತ ನರ್ಸಿನ ಬ್ಯಾಂಡ್ 5ಕ್ಕೆ ಬಡ್ತಿಯಾಯಿತು.

ವಾರ್ಡಿನ ಮಾತು ಇನ್ನೊಂದು ಬಗೆಯದು. ನಮ್ಮಲ್ಲಿ ರೋಗಿಯ ಮುಖ ತೊಳೆಸುವುದು, ಗಂಜಿ ಕುಡಿಸುವುದು ಬಹುಮಟ್ಟಿಗೆ ಮನೆಯವರ ಪಾಲಿನ ಕೆಲಸ. ಇಲ್ಲಿ ಅದು ನಮ್ಮದು, ಪ್ರತಿಯೊಂದಕ್ಕೂ ರೋಗಿಯ ಒಪ್ಪಿಗೆ ಕೇಳಿಯೇ ಮಾಡಬೇಕಾದದ್ದು. ಮೊದಲ ವಾರದಲ್ಲಿ ಅಜ್ಜಿಯೊಬ್ಬರು ತಮಗೆ "ಸ್ಪೆಂಡ್ ಎ ಪೆನ್ನಿ", ಅಂದರೆ ಒಂದು ಕಾಸು ಖರ್ಚು, ಮಾಡಬೇಕಾಗಿದೆ ಎಂದರು. ನಾನು ಅವರ ಕೈಚೀಲ ತಂದುಕೊಟ್ಟೆ. ಶೌಚಕ್ಕೆ ಹೋಗಬೇಕು ಎಂಬುದನ್ನು ಇಲ್ಲಿನ ಹಿರಿಯರು ಹಾಗೆ ಮರೆಮಾಚಿ ಹೇಳುತ್ತಾರೆಂದು ತಿಳಿಯುವಷ್ಟರಲ್ಲಿ ಹಾಸಿಗೆ ಒದ್ದೆಯಾಗಿತ್ತು. ನಮ್ಮ ಕಡೆ ಒಂದಕ್ಕೆ, ಎರಡಕ್ಕೆ ಎನ್ನುವುದೂ ಇಂಥದ್ದೇ ಮರೆಮಾಚುವಿಕೆಯಲ್ಲವೇ? ಇನ್ನು ಊರಿನಲ್ಲಿ ಎಲ್ಲ ನರ್ಸುಗಳೂ "ಸಿಸ್ಟರ್" ಆದರೆ ಇಲ್ಲಿ ವಾರ್ಡಿನ ಮುಖ್ಯಸ್ಥೆಗೆ ಮಾತ್ರ ಆ ಹೆಸರು. ಇದನ್ನು ಕೇಳಿದ ಅಮ್ಮನಿಗೆ ಮಗಳ ಹುದ್ದೆ ಕಡಿಮೆಯಾಯಿತೆಂಬ ಅನುಮಾನ ಇಂದಿಗೂ ಪೂರ್ತಿ ಹೋಗಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಡಾಕ್ಟರೊಂದಿಗಿನ ಮಾತು. ಇಲ್ಲಿ ರೋಗಿಯ ಸ್ಥಿತಿಯನ್ನು ನ್ಯೂಸ್2 ಎಂಬ ಅಂಕಪಟ್ಟಿಯಲ್ಲಿ ಅಳೆಯುತ್ತಾರೆ. ಒಂದು ರಾತ್ರಿ ಮೂರು ಗಂಟೆಗೆ, ಸಂಜೆ ಚೆನ್ನಾಗಿಯೇ ಮಾತಾಡುತ್ತಿದ್ದ ರೋಗಿಯೊಬ್ಬರ ಉಸಿರಾಟ ನಿಮಿಷಕ್ಕೆ 24 ಆಗಿತ್ತು; ರಕ್ತದ ಆಮ್ಲಜನಕದ ಪ್ರಮಾಣ ಶೇ. 93, ನಾಡಿ 114, ಜ್ವರ 38.4 ಡಿಗ್ರಿ ಸೆಲ್ಸಿಯಸ್. ರಕ್ತದೊತ್ತಡ ಸರಿಯಿತ್ತು, ಎಚ್ಚರವಿತ್ತು, ಆದರೂ ಒಟ್ಟು ಅಂಕ 7. ಏಳು ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತು ಸ್ಥಿತಿ. ಡಾಕ್ಟರಿಗೆ ಫೋನು ಮಾಡಿ, ವರದಿ ಹೇಳುವ ಎಸ್‌ಬಾರ್ (SBAR) ಎಂಬ ನಾಲ್ಕಕ್ಷರದ ಕ್ರಮದಂತೆ ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು ಹೇಳಿ ನಿಲ್ಲಿಸಿಬಿಟ್ಟೆ. ಕೊನೆಯ ಅಕ್ಷರ ಬಾಕಿಯಿತ್ತು. ಏನು ಮಾಡಬೇಕೆಂಬ ಸಲಹೆಯನ್ನು ನಾನೇ ಕೊಡಬೇಕಿತ್ತು. ಡಾಕ್ಟರಿಗೆ ಹೀಗೆ ಮಾಡಿ ಎಂದು ಹೇಳುವುದು ನನಗೆ ಯಾರೂ ಕಲಿಸದ ವಿದ್ಯೆ. ಆ ಕಡೆಯಿಂದ, "ನನ್ನಿಂದ ನಿಮಗೇನು ಬೇಕು?" ಎಂಬ ಪ್ರಶ್ನೆ ಬಂತು. ಅದರಲ್ಲಿ ಸಿಡುಕಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು. "ಸರ್" ಎಂದು ತೊದಲಿ, "ನೀವು ಈಗಲೇ ಬಂದು ನೋಡಬೇಕು" ಎಂದೆ. ಹತ್ತು ನಿಮಿಷದೊಳಗೆ ಅವರು ಬಂದರು.

ಹನ್ನೆರಡೂವರೆ ಗಂಟೆಯ ಪಾಳಿ, ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಮರಳುವ ಚಳಿಗಾಲ, ಇವೆಲ್ಲ ಹೇಗೋ ಅಭ್ಯಾಸವಾಗುತ್ತವೆ. ಹೊರಡುವ ಮುನ್ನ ಇಂಗ್ಲಿಷ್ ಅಂಕಗಳ ಚಿಂತೆ ಮಾಡುವ ನಮ್ಮ ಹುಡುಗಿಯರಿಗೆ, ಈಗಿನ ವಾರ್ಡಿನಲ್ಲೇ ಡಾಕ್ಟರನ್ನು ದಿನಕ್ಕೊಂದು ಪ್ರಶ್ನೆಯಾದರೂ ಕೇಳಿ ನೋಡಿ ಎನ್ನುತ್ತೇನೆ. ಮೊದಮೊದಲು ಬೈಗುಳವೇ ಸಿಗಬಹುದು.

ನಮ್ಮ ಮನೆಯ ಹಿಂದಿನ ಕೋಣೆಗೆ ಹೋದ ತಿಂಗಳು ದಾವಣಗೆರೆ ಕಡೆಯ ಹುಡುಗಿಯೊಬ್ಬಳು ಬಂದಿದ್ದಾಳೆ. ನನ್ನ ಹಳೆಯ ತಲೆದಿಂಬನ್ನು ಅವಳಿಗೆ ಕೊಟ್ಟಿದ್ದೇನೆ. ನಿನ್ನೆ ರಾತ್ರಿ ಪಾಳಿ ಮುಗಿಸಿ ಬಾಗಿಲು ತೆರೆಯುವಾಗ, ಒಳಗಿನಿಂದ ಅವಳು ಅದರ ಅಲರ್ಜಿ ವಿಚಾರಿಸುತ್ತಿರುವುದು ಕೇಳಿಸಿತು; ದನಿ ಇನ್ನೂ ಸಣ್ಣದಾಗಿಯೇ ಇತ್ತು.