ಮಕ್ಕಳಿಗೆ ಬೋರ್ ಆಗಲ್ವಾ? ನಾಯಕರ ಮನೆಗಳನ್ನು ನೋಡಲು ಕಾರಿನಲ್ಲಿ ಹೊರಡುವವರಿಗೆ ನನ್ನ ಉತ್ತರ

ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಶಾಲೆಯ ರಜೆ ಹತ್ತಿರ ಬಂತು ಅಂದರೆ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳೇ ಕೇಳುತ್ತಾರೆ. "ಮಕ್ಕಳನ್ನ ಕಾರಲ್ಲಿ ಕೂರಿಸ್ಕೊಂಡು ಗಾಂಧಿ ಇದ್ದ ಮನೆ, ಫುಲೆ ಇದ್ದ ಮನೆ ಅಂತ ಸುತ್ತುತ್ತೀರಲ್ಲ, ಹೇಗೆ ಪ್ಲಾನ್ ಮಾಡ್ತೀರಿ? ಮಕ್ಕಳಿಗೆ ಬೋರ್ ಆಗಲ್ವಾ?" ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆಯುತ್ತೇನೆ.

ಸಾಮಾನ್ಯವಾಗಿ ನಾವು ಮ್ಯಾಪ್ ತೆಗೆದು, ಒಂದಕ್ಕೊಂದು ಹತ್ತಿರ ಇರುವ ಜಾಗಗಳನ್ನೆಲ್ಲ ಗುರುತು ಹಾಕಿಕೊಳ್ಳುತ್ತೇವೆ. ಸಂಜೆ ಹೊತ್ತಿಗೆ ಮಕ್ಕಳಿಗೆ ಎಲ್ಲ ಮನೆಗಳೂ ಒಂದೇ ಥರ ಕಾಣಿಸುತ್ತವೆ. ಗೋಡೆ ತುಂಬ ಕಪ್ಪು-ಬಿಳುಪು ಫೋಟೋ, ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ವಸ್ತು, ಮುಟ್ಟಬೇಡಿ ಅನ್ನೋ ಬೋರ್ಡು. ಹೀಗಾದರೆ ದೊಡ್ಡವರಿಗೂ ಬೇಸರವೇ. ನಾನು ಹೇಳುವುದು ಇಷ್ಟು: ಮೊದಲು ಒಂದು ಕಥೆ ಆರಿಸಿಕೊಳ್ಳಿ, ಊರು ಆಮೇಲೆ. ಕಥೆಯಲ್ಲಿ ಮೊದಲು ಬರುವ ಮನೆಗೆ ಮೊದಲು ಹೋಗಿ. ದಿನಕ್ಕೆ ಎರಡು ಜಾಗ ಸಾಕು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ "ಮುಂದೇನಾಯ್ತು?" ಅಂತ ಹಿಂದಿನ ಸೀಟಿನಿಂದ ಕೇಳಿಬಂದರೆ ಪ್ಲಾನ್ ಸರಿಯಾಗಿದೆ ಅಂತ ಅರ್ಥ.

ಮೊದಲ ಸಲ ಹೊರಡುವವರಿಗೆ ನಾನು ಯಾವಾಗಲೂ ಹೇಳುವುದು ಮುಂಬೈ–ಪುಣೆ ದಾರಿ. ಗಾವ್‌ದೇವಿಯ ಲ್ಯಾಬರ್ನಮ್ ರಸ್ತೆಯಲ್ಲಿರುವ ಮಣಿ ಭವನದಿಂದ ಶುರು ಮಾಡಿ. ಇದು ಗಾಂಧಿಯ ಸ್ವಂತ ಮನೆಯಲ್ಲ, ಅವರ ಸ್ನೇಹಿತ ರೇವಾಶಂಕರ ಜಗಜೀವನ ಝವೇರಿ ಅವರದು. 1917ರಿಂದ 1934ರವರೆಗೆ ಗಾಂಧಿ ಮುಂಬೈಗೆ ಬಂದಾಗ ಇಳಿದುಕೊಳ್ಳುತ್ತಿದ್ದದ್ದು ಇಲ್ಲೇ. 1919ರಲ್ಲಿ ರೌಲತ್ ಕಾಯ್ದೆಯ ವಿರುದ್ಧದ ಸತ್ಯಾಗ್ರಹ ಶುರುವಾದದ್ದೂ ಇಲ್ಲಿಂದಲೇ. ಎರಡನೇ ಮಹಡಿಯಲ್ಲಿ ಅವರ ಕೋಣೆ ಇದೆ. ನೆಲದ ಮೇಲೆ ಹಾಸಿಗೆ, ಚರಕ, ಅಷ್ಟೇ. ಅದೇ ಮಹಡಿಯಲ್ಲಿ ಗಾಂಧಿಯ ಬದುಕಿನ ಘಟನೆಗಳನ್ನು ಪುಟ್ಟ ಬೊಂಬೆಗಳಲ್ಲಿ ಜೋಡಿಸಿಟ್ಟಿದ್ದಾರೆ. ಚಿಕ್ಕ ಮಕ್ಕಳು ಅಲ್ಲಿಂದ ಕದಲುವುದೇ ಇಲ್ಲ, ಅವಸರ ಮಾಡಬೇಡಿ. ತಾರಸಿಯ ಕಥೆಯನ್ನು ಮಾತ್ರ ಮರೆಯದೆ ಹೇಳಿ: 1932ರ ಜನವರಿ 4ರ ಬೆಳಗಿನ ಜಾವ ಅಲ್ಲಿ ಟೆಂಟಿನಲ್ಲಿ ಮಲಗಿದ್ದ ಗಾಂಧಿಯನ್ನು ಪೊಲೀಸರು ಬಂದು ಬಂಧಿಸಿದರು.

ಅಲ್ಲಿಂದ ಆಗಸ್ಟ್ ಕ್ರಾಂತಿ ಮೈದಾನಕ್ಕೆ ನಡೆದೇ ಹೋಗಬಹುದು. ಆಗ ಅದರ ಹೆಸರು ಗೋವಾಲಿಯಾ ಟ್ಯಾಂಕ್. 1942ರ ಆಗಸ್ಟ್ 8ರ ರಾತ್ರಿ ಗಾಂಧಿ "ಮಾಡು ಇಲ್ಲವೇ ಮಡಿ" ಅಂದದ್ದು ಇಲ್ಲಿ. ಈಗ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ನಮ್ಮ ಮಗನಿಗೂ ಅಲ್ಲಿ ಓಡಾಡಲು ಬಿಡುತ್ತೇವೆ. ಮರುದಿನ ಬೆಳಕು ಹರಿಯುವ ಮೊದಲೇ ಮುಂಬೈಯ ಬಿರ್ಲಾ ಹೌಸ್‌ನಲ್ಲಿ ಗಾಂಧಿ ಮತ್ತು ಅವರ ಕಾರ್ಯದರ್ಶಿ ಮಹದೇವ ದೇಸಾಯಿ ಅವರ ಬಂಧನ. ಸಂಜೆ ಶಿವಾಜಿ ಪಾರ್ಕಿನ ಸಭೆಯಲ್ಲಿ ಗಂಡನ ಬದಲು ತಾನು ಮಾತಾಡುತ್ತೇನೆ ಅಂತ ಹೊರಟ ಕಸ್ತೂರಬಾ ಅವರನ್ನೂ ಹಿಡಿದರು. ಇಲ್ಲಿಗೆ ಕಥೆ ನಿಲ್ಲಿಸಿ, ಕಾರು ಹತ್ತಿ. ಮುಂದಿನದು ಪುಣೆಯಲ್ಲಿ, ಯಾಕೆಂದರೆ ಅವರನ್ನು ಸೆರೆಯಲ್ಲಿಡಲು ಕರೆತಂದದ್ದೂ ಪುಣೆಗೇ.

ಆಗಾ ಖಾನ್ ಅರಮನೆಯ ಹುಲ್ಲುಹಾಸು, ಕಮಾನುಗಳು, ಉದ್ದನೆ ವರಾಂಡ ನೋಡಿ ನನ್ನ ಮಗಳು ಕೇಳಿದ್ದು, "ಅಮ್ಮ, ಇದು ಅರಮನೆ ಅಲ್ವಾ? ಜೈಲು ಹೇಗಾಯ್ತು?" ಬಾಗಿಲು ಎಷ್ಟು ಚೆನ್ನಾಗಿದ್ದರೂ ಹೊರಗೆ ಹೋಗುವ ಹಾಗಿಲ್ಲ ಅಂದರೆ ಅದು ಜೈಲೇ ಅಂದೆ. ಬರಗಾಲದಲ್ಲಿ ಸುತ್ತಲಿನ ಜನಕ್ಕೆ ಕೆಲಸ ಸಿಗಲಿ ಅಂತ ಮೂರನೇ ಆಗಾ ಖಾನ್ 1892ರಲ್ಲಿ ಕಟ್ಟಿಸಿದ ಅರಮನೆ ಇದು. ಇಲ್ಲಿಗೆ ಬಂದು ವಾರ ತುಂಬುವ ಮೊದಲೇ, ಆಗಸ್ಟ್ 15ರಂದು, ಮಹದೇವ ದೇಸಾಯಿ ಹೃದಯಾಘಾತದಿಂದ ತೀರಿಕೊಂಡರು. ಅವರಿಗಿನ್ನೂ 50 ವರ್ಷ. ಇಪ್ಪತ್ತೈದು ವರ್ಷ ಗಾಂಧಿಯ ಕಾರ್ಯದರ್ಶಿಯಾಗಿ ಜೊತೆಗಿದ್ದವರು. 1943ರ ಫೆಬ್ರವರಿಯಲ್ಲಿ ಗಾಂಧಿ ಇಲ್ಲೇ 21 ದಿನಗಳ ಉಪವಾಸ ಶುರು ಮಾಡಿದರು. 1944ರ ಫೆಬ್ರವರಿ 22ರಂದು ಕಸ್ತೂರಬಾ ಇಲ್ಲೇ, ಗಂಡನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟರು. ಗಾಂಧಿ ನೂತ ನೂಲಿನ ಸೀರೆ ಉಡಿಸಿ ಅವರ ದಹನ ಮಾಡಿದರು. ಗಾಂಧಿ ಬಿಡುಗಡೆಯಾದದ್ದು ಅದೇ ಮೇ ತಿಂಗಳಲ್ಲಿ. ಜೊತೆಗೆ ಬಂದ ಇಬ್ಬರನ್ನು ಇಲ್ಲೇ ಬಿಟ್ಟು ಹೊರಟರು.

ಹಿಂದುಗಡೆ ಆ ಎರಡು ಸಮಾಧಿಗಳು ಅಕ್ಕಪಕ್ಕ ಇವೆ. ಎಷ್ಟೋ ಜನ ಮುಂದಿನ ಹುಲ್ಲಿನಲ್ಲಿ ಫೋಟೋ ತೆಗೆಸಿಕೊಂಡು ಹಾಗೇ ಹೊರಟುಬಿಡುತ್ತಾರೆ. ದಯವಿಟ್ಟು ಹಿಂದಕ್ಕೆ ಹೋಗಿ. ಗಾಂಧಿ ಇಲ್ಲಿದ್ದಷ್ಟು ಕಾಲ ಮಹದೇವರ ಸಮಾಧಿಗೆ ದಿನಾ ಹೂವಿಟ್ಟು ಬರುತ್ತಿದ್ದರು. ಮಣಿ ಭವನದಲ್ಲಿ ನೋಡಿದ ಬರಿಯ ಕೋಣೆಯೂ, ಮೈದಾನದಲ್ಲಿ ಕೇಳಿದ ಮಾತೂ ಮಕ್ಕಳ ಮನಸ್ಸಿನಲ್ಲಿದ್ದರೆ ಇಲ್ಲಿ ನೀವು ಹೆಚ್ಚು ಹೇಳಬೇಕಾಗಿಲ್ಲ. ಇದನ್ನೇ ಹಿಂದುಮುಂದು ಮಾಡಿ, ಅರಮನೆ ಮೊದಲು, ಮಣಿ ಭವನ ಆಮೇಲೆ ಅಂತ ನೋಡಿದರೆ ಈ ಪರಿಣಾಮ ಇರುವುದಿಲ್ಲ. ಪುಣೆಯಲ್ಲೇ ಇರುವವರಿಗೂ ನಾನು ಹೇಳುವುದು ಅದಕ್ಕೇ: ಮೊದಲು ಮುಂಬೈಗೆ ಹೋಗಿ ಬನ್ನಿ, ಆಮೇಲೆ ನಮ್ಮೂರಿನದು.

ಎರಡನೆಯ ದಾರಿ ನನಗೆ ಇನ್ನೂ ಹತ್ತಿರದ್ದು. ಇದು ನೀರಿನ ಕಥೆ. ಪುಣೆಯ ಗಂಜ್ ಪೇಠೆಯಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಬಾಳಿದ ವಾಡೆ, ಅಂದರೆ ಅಂಗಳವಿರುವ ಹಳೆಯ ಮನೆ, ಇದೆ. ಪೇಶ್ವೆಗಳ ಶನಿವಾರವಾಡೆ ನೋಡಿ ಬಂದವರಿಗೆ ಇದು ತೀರಾ ಪುಟ್ಟದು ಅನಿಸುತ್ತದೆ. ಅಂಗಳ, ತುಳಸಿ ಕಟ್ಟೆ, ಜೋತಿರಾಯರ ಸಮಾಧಿ, ಒಂದು ಬಾವಿ. 1848ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಜೋಡಿ ಇದು. ಪಾಠ ಹೇಳುವುದನ್ನು ನಿಲ್ಲಿಸಲಿಲ್ಲ ಅಂತ 1849ರಲ್ಲಿ ಜೋತಿರಾಯರ ಅಪ್ಪನ ಮನೆ ಬಿಟ್ಟು ಬರಬೇಕಾಯಿತು. ಅಂಥವರು 1868ರಲ್ಲಿ, ಊರಿನ ಕೆರೆ ಬಾವಿ ಮುಟ್ಟುವ ಹಾಗಿಲ್ಲದ ಜನಕ್ಕೆ ತಮ್ಮ ಮನೆಯ ನೀರನ್ನು ತೆರೆದರು. ಬಾವಿಯ ಹತ್ತಿರ ನಿಂತು ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು. "ಯಾಕೆ ಮುಟ್ಟಬಾರದಿತ್ತು?" ಅಂತ ಅವರೇ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಳ್ಳಬೇಡಿ. ನಮ್ಮ ಮನೆಗಳಲ್ಲೂ ಬೇರೆ ಲೋಟ ಇಟ್ಟಿದ್ದ ಕಾಲ ಇತ್ತು ಅಂತ ನಮ್ಮ ಅತ್ತೆಯೇ ಮೊಮ್ಮಕ್ಕಳಿಗೆ ಅಲ್ಲಿ ಕೂತು ಹೇಳಿದರು. ನಾನು ಹೇಳಿದ್ದರೆ ಅಷ್ಟು ನಾಟುತ್ತಿರಲಿಲ್ಲ. ಹಿರಿಯರನ್ನು ಈ ಪ್ರವಾಸಕ್ಕೆ ಕರೆದುಕೊಂಡು ಹೋಗಿ ಅಂತ ನಾನು ಒತ್ತಾಯ ಮಾಡುವುದು ಇದೇ ಕಾರಣಕ್ಕೆ.

ಮರುದಿನ ಬೆಳಿಗ್ಗೆ ಮುಳಶಿ ದಾಟಿ ತಾಮ್ಹಿಣಿ ಘಾಟ್ ಇಳಿದು ಮಹಾಡ್‌ಗೆ ಹೋಗಿ. ಊರ ನಡುವೆ ಚವದಾರ್ ಕೆರೆ. ಸಾರ್ವಜನಿಕ ನೀರು ಎಲ್ಲರಿಗೂ ಸೇರಿದ್ದು ಅಂತ ಮುಂಬೈ ವಿಧಾನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಕಾಗದದ ಮೇಲೆ ಎಲ್ಲ ಸರಿ ಇತ್ತು, ನೀರು ಮುಟ್ಟಲು ಯಾರೂ ಬಿಡುತ್ತಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದು ಬಂದು ಈ ಕೆರೆಯ ನೀರು ಕುಡಿದರು. ಫುಲೆಯವರ ಮನೆಯ ಬಾವಿಯಿಂದ ಈ ಕೆರೆಗೆ ಬರಲು 59 ವರ್ಷ ಬೇಕಾಯಿತು. ಫುಲೆಯವರನ್ನು ಅಂಬೇಡ್ಕರ್ ತಮ್ಮ ಮೂವರು ಗುರುಗಳಲ್ಲಿ ಒಬ್ಬರು ಅನ್ನುತ್ತಿದ್ದರು, ಉಳಿದಿಬ್ಬರು ಬುದ್ಧ ಮತ್ತು ಕಬೀರ. ಸಮಯ ಇದ್ದರೆ ಅಲ್ಲಿಂದ ಮಂಡಣಗಡ ತಾಲೂಕಿನ ಅಂಬಡವೆಗೆ ಹೋಗಬಹುದು. ಅವರ ಹಿರಿಯರ ಊರು ಅದು, ಮನೆತನದ ಹೆಸರು ಬಂದದ್ದೂ ಅಲ್ಲಿಂದ.

ಈ ಕಥೆಯ ಕೊನೆಯ ಮನೆ ಮುಂಬೈಯಲ್ಲಿದೆ. ದಾದರ್‌ನ ಹಿಂದೂ ಕಾಲೊನಿಯಲ್ಲಿ ಅಂಬೇಡ್ಕರ್ 1930ರ ದಶಕದ ಆರಂಭದಲ್ಲಿ ಕಟ್ಟಿಸಿದ ರಾಜಗೃಹ. ಪುಸ್ತಕಗಳಿಗೆ ಜಾಗ ಬೇಕು ಅಂತಲೇ ಕಟ್ಟಿಸಿದ ಮನೆ. ಅದಕ್ಕೂ ಮೊದಲು ವರ್ಷಗಟ್ಟಲೆ ಅವರ ಸಂಸಾರ ಪರೇಲ್‌ನ ಬಿಐಟಿ ಚಾಳ್ ಎಂಬ ಸಾಲುಕೋಣೆಗಳ ವಠಾರದ ಎರಡು ಕೋಣೆಗಳಲ್ಲಿ ನಡೆಯಿತು. ಗಂಡ ವಿದೇಶದಲ್ಲಿ ಓದುವಾಗ ಕಷ್ಟದಲ್ಲಿ ಸಂಸಾರ ನಡೆಸಿದ ರಮಾಬಾಯಿ ಈ ದೊಡ್ಡ ಮನೆಯಲ್ಲಿ ಹೆಚ್ಚು ಕಾಲ ಇರಲಿಲ್ಲ, 1935ರ ಮೇ ತಿಂಗಳಲ್ಲಿ ತೀರಿಕೊಂಡರು. ರಾಜಗೃಹದಲ್ಲಿ ಕೆಳಗಿನ ಭಾಗ ಮಾತ್ರ ನೋಡಲು ಇಟ್ಟಿದ್ದಾರೆ. ಅದು ಇವತ್ತಿಗೂ ಕುಟುಂಬದವರು ವಾಸ ಮಾಡುವ ಮನೆ, ಜನ ಭಕ್ತಿಯಿಂದ ಬರುವ ಜಾಗ. ಚಪ್ಪಲಿ ಬಿಟ್ಟು, ಮೆಲ್ಲಗೆ ಮಾತಾಡಿ ಅಂತ ಮಕ್ಕಳಿಗೆ ಕಾರಿನಲ್ಲೇ ಹೇಳಿಡಿ. ಅಂಬೇಡ್ಕರ್ ತೀರಿಕೊಂಡ ದಿನವಾದ ಡಿಸೆಂಬರ್ 6ರ ಆಸುಪಾಸಿನಲ್ಲಿ, ದಾದರ್‌ನಲ್ಲಿ ಅವರ ಅಂತ್ಯಸಂಸ್ಕಾರ ನಡೆದ ಚೈತ್ಯಭೂಮಿಗೆ ಲಕ್ಷಾಂತರ ಜನ ಬರುತ್ತಾರೆ. ಆಗ ಕಾರಿನಲ್ಲಿ ದಾದರ್ ಕಡೆ ಹೋಗಲಾಗದು.

ಇಷ್ಟೆಲ್ಲ ಸುತ್ತಲು ರಜೆ ಇಲ್ಲ, ಊರಿಗೆ ಹೋಗೋದರಲ್ಲೇ ರಜೆ ಮುಗಿಯುತ್ತೆ ಅನ್ನುವವರು ಜಾಸ್ತಿ. ಒಳ್ಳೆಯದೇ ಆಯಿತು. ಬೆಳಗಾವಿ, ಹುಬ್ಬಳ್ಳಿ ಕಡೆಗೆ ಹೋಗುವ ನಮ್ಮ ಹೆದ್ದಾರಿಯ ಮೇಲೆಯೇ ಒಂದು ಪೂರ್ತಿ ಕಥೆ ಇದೆ. ಸಾತಾರಾಕ್ಕೆ ಮೊದಲು ಖಂಡಾಳಾ ತಾಲೂಕಿನ ನಾಯಗಾಂವ್‌ಗೆ ತಿರುಗಿಕೊಳ್ಳಿ. ಸಾವಿತ್ರಿಬಾಯಿ 1831ರ ಜನವರಿ 3ರಂದು ಹುಟ್ಟಿದ ಊರು. ಅವರ ತವರು ಮನೆಯನ್ನು ಸ್ಮಾರಕ ಮಾಡಿದ್ದಾರೆ. ಮುಂದೆ ಸಾತಾರಾ, 1900ರ ನವೆಂಬರ್ 7ರಂದು ಬಾಲಕ ಅಂಬೇಡ್ಕರ್ ಇಂಗ್ಲಿಷ್ ಶಾಲೆ ಸೇರಿದ ಊರು. ಮಹಾರಾಷ್ಟ್ರದಲ್ಲಿ ಆ ದಿನವನ್ನು ವಿದ್ಯಾರ್ಥಿ ದಿನ ಅಂತ ಆಚರಿಸುತ್ತಾರೆ, ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇದು ಗೊತ್ತಿರುತ್ತದೆ. ಆಮೇಲೆ ಕೊಲ್ಹಾಪುರ. ಕಸಬಾ ಬಾವಡಾದ ಲಕ್ಷ್ಮೀ ವಿಲಾಸ ಅರಮನೆ ಕೊಲ್ಹಾಪುರದ ದೊರೆ ಶಾಹೂ ಮಹಾರಾಜರು 1874ರಲ್ಲಿ ಹುಟ್ಟಿದ ಜಾಗ. 1902ರಲ್ಲೇ ತಮ್ಮ ಸಂಸ್ಥಾನದ ಕೆಲಸಗಳಲ್ಲಿ ಅರ್ಧ ಭಾಗ ಹಿಂದುಳಿದವರಿಗೆ ಅಂತ ಆಜ್ಞೆ ಹೊರಡಿಸಿದವರು. 1920ರ ಮಾರ್ಚ್‌ನಲ್ಲಿ ಹತ್ತಿರದ ಮಾಣಗಾಂವ್ ಪರಿಷತ್ತಿಗೆ ಬಂದು, ನಿಮಗೆ ನಿಮ್ಮ ನಾಯಕ ಸಿಕ್ಕಿದ್ದಾನೆ ಅಂತ ಯುವಕ ಅಂಬೇಡ್ಕರರನ್ನು ತೋರಿಸಿದವರೂ ಇವರೇ. ನೋಡಿ, ಸಾವಿತ್ರಿಬಾಯಿಯಿಂದ ಶಾಹೂವರೆಗೆ ದಾರಿ ತಪ್ಪದೆ ಬಂದಿರಿ. ತಾಂಬಡಾ ರಸ್ಸಾ ಊಟಕ್ಕಾಗಿ ಕೊಲ್ಹಾಪುರದಲ್ಲಿ ಹೇಗೂ ನಿಲ್ಲುತ್ತೀರಿ, ಇನ್ನೊಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಬೆಳಗಾವಿಯಲ್ಲಿ ಟಿಳಕವಾಡಿಯ ವೀರಸೌಧ, ಕಾಂಗ್ರೆಸ್ ಬಾವಿ. ಗಾಂಧಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ನಡೆದದ್ದು ಇಲ್ಲಿ. ಬಂದವರಿಗೆಲ್ಲ ನೀರು ಬೇಕಲ್ಲ, ಅದಕ್ಕೆ ತೋಡಿಸಿದ ಬಾವಿ ಅದು. ಬಾಲಕಿ ಗಂಗೂಬಾಯಿ ಹಾನಗಲ್ ಸ್ವಾಗತಗೀತೆ ಹಾಡಿದ್ದೂ ಆ ಅಧಿವೇಶನದಲ್ಲೇ. ಹತ್ತಿರದ ಹುದಲಿಗೆ ಗಾಂಧಿ 1937ರಲ್ಲಿ ಬಂದು ತಂಗಿದ್ದರು, ಅದಕ್ಕೆ ಕಾರಣ ಆ ಊರಿನ ಸ್ವಾತಂತ್ರ್ಯ ಹೋರಾಟಗಾರ ಗಂಗಾಧರರಾವ್ ದೇಶಪಾಂಡೆ. ಅಲ್ಲಿ ಈಗಲೂ ಖಾದಿ ನೂಲುತ್ತಾರೆ. ಮಣಿ ಭವನದ ಗಾಜಿನ ಹಿಂದೆ ನೋಡಿದ ಚರಕ ಇಲ್ಲಿ ತಿರುಗುವುದನ್ನು ಮಕ್ಕಳು ನೋಡಲಿ.

ಅರ್ಧ ದಿನ ಮಾತ್ರ ಇದೆ ಅನ್ನುವ ಪುಣೆಯವರಿಗೆ ಎರಡು ಜಾಗ. ನಾರಾಯಣ ಪೇಠೆಯಲ್ಲಿ ಲೋಕಮಾನ್ಯ ತಿಲಕರ ಕೇಸರಿ ಪತ್ರಿಕೆಯ ಮನೆಯಾದ ಕೇಸರಿ ವಾಡೆಯಲ್ಲಿ ಅವರು ಕೂತು ಬರೆಯುತ್ತಿದ್ದ ಮೇಜು ಇದೆ. ಅವರ ಗೀತೆಯ ವ್ಯಾಖ್ಯಾನವನ್ನು ಕನ್ನಡಕ್ಕೆ ತಂದವರು ನಮ್ಮ ಆಲೂರ ವೆಂಕಟರಾಯರು ಅನ್ನುವುದನ್ನು ಮಕ್ಕಳಿಗೆ ಹೇಳಿ. ಇನ್ನೊಂದು, ನಾಸಿಕ್ ರಸ್ತೆಯ ರಾಜಗುರುನಗರದಲ್ಲಿ ಭೀಮಾ ನದಿ ದಡದ ರಾಜಗುರು ವಾಡೆ. ಭಗತ್ ಸಿಂಗ್ ಜೊತೆ ಗಲ್ಲಿಗೇರಿದಾಗ ಶಿವರಾಮ ರಾಜಗುರುವಿಗೆ 22 ವರ್ಷ. ಹೈಸ್ಕೂಲು, ಕಾಲೇಜಿನ ಮಕ್ಕಳಿದ್ದರೆ ಇಲ್ಲಿಗೇ ಮೊದಲು ಹೋಗಿ.

ಇನ್ನು ಸಣ್ಣಪುಟ್ಟ ವಿಷಯ. ಮಣಿ ಭವನದ ಗಲ್ಲಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಗ್ರಾಂಟ್ ರೋಡ್ ಸ್ಟೇಷನ್‌ವರೆಗೆ ಲೋಕಲ್‌ನಲ್ಲಿ ಬಂದು ನಡೆಯಿರಿ. ಮೆಟ್ಟಿಲುಗಳಿವೆ, ಮಂಡಿ ನೋವಿನವರು ಕೆಳಗಿನ ಗ್ರಂಥಾಲಯದಲ್ಲಿ ಕೂತಿರಬಹುದು. ಫುಲೆ ವಾಡೆಗೂ ಕೇಸರಿ ವಾಡೆಗೂ ರಿಕ್ಷಾ ಮಾಡಿಕೊಳ್ಳುವುದೇ ವಾಸಿ. ಜೋರು ಮಳೆಯಲ್ಲಿ ತಾಮ್ಹಿಣಿ ಘಾಟ್ ಬೇಡ. ಮಂಜು, ಜನ, ಜಾರುವ ರಸ್ತೆ, ಮೂರೂ ಸೇರುತ್ತವೆ. ಮಹಾಡ್‌ಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಸಮಯ. ಸಣ್ಣ ಸ್ಮಾರಕಗಳು ರಜಾ ದಿನ ಮುಚ್ಚಿರಬಹುದು, ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳಿ. ಚಪಾತಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಜೊತೆಗಿರಲಿ. ಹಸಿದ ಮಗುವಿಗೆ ಇತಿಹಾಸ ಹೇಳಲಾಗದು.

ಇಷ್ಟಾದರೂ ಒಂದು ಮನೆಯ ಬಾಗಿಲಲ್ಲಿ ಮಗು "ನಾ ಬರಲ್ಲ" ಅಂತ ಕೂತುಬಿಟ್ಟರೆ ಬೈಯಬೇಡಿ, ಎಳೆಯಬೇಡಿ. ದೊಡ್ಡವರೊಬ್ಬರು ಅದರ ಜೊತೆ ಅಂಗಳದಲ್ಲಿ ಕೂರಲಿ, ಉಳಿದವರು ನೋಡಿ ಬರಲಿ. ಒಳಗೆ ಏನಿತ್ತು ಅಂತ ಅಕ್ಕನೋ ಅಣ್ಣನೋ ಬಂದು ಹೇಳಿದರೆ ಅದೂ ಹೋಗಿ ನೋಡಿಕೊಂಡು ಬರುತ್ತದೆ.