ಗಿಲ್ ನೋಡೋಕೆ ಬಂದವನು ಕೌಶಿಕ್ ನೋಡಿ ಹೋದ

ಖಾಲಿ ಸ್ಟೇಡಿಯಂನಲ್ಲಿ ಬ್ಯಾಟಿಗೆ ಬಾಲ್ ಬಡಿದ ಸದ್ದು ಎರಡು ಸಲ ಕೇಳುತ್ತದೆ. ಒಂದು ಪಿಚ್ಚಿನಿಂದ, ಇನ್ನೊಂದು ಎದುರಿನ ಸ್ಟ್ಯಾಂಡಿಗೆ ಹೋಗಿ ಬಡಿದು ವಾಪಸ್ ಬಂದದ್ದು. ಐಪಿಎಲ್‌ಗೆ ಮಾತ್ರ ಚಿನ್ನಸ್ವಾಮಿಗೆ ಹೋಗುವವರಿಗೆ ಇದು ಗೊತ್ತಾಗುವ ಸಾಧ್ಯತೆಯೇ ಇಲ್ಲ. ಅಲ್ಲಿ ಪಕ್ಕದವನು ಕಿವಿಗೆ ಬಾಯಿಟ್ಟು ಕೂಗಿದರೂ ಏನೂ ಕೇಳಿಸುವುದಿಲ್ಲ. ರಾಜ್ಯ ರಾಜ್ಯಗಳ ನಡುವೆ ನಡೆಯುವ ರಣಜಿ ಮ್ಯಾಚಿಗೆ ಬನ್ನಿ. ಕೀಪರ್ ಬೌಲರಿಗೆ ಏನು ಹೇಳಿದ ಅನ್ನುವುದೂ ಕೇಳುತ್ತದೆ. ಅದೂ ಕನ್ನಡದಲ್ಲಿ. "ಅಲ್ಲೇ ಹಾಕು ಮಗಾ, ಅಲ್ಲೇ."

ನನ್ನ ಆಫೀಸಿನ ಗೆಳೆಯನೊಬ್ಬ ಹೀಗೇ ಒಂದು ಸಲ ಬಂದ. 2025ರ ಜನವರಿ 23, ಗುರುವಾರ, ಚಿನ್ನಸ್ವಾಮಿಯಲ್ಲಿ ಕರ್ನಾಟಕಕ್ಕೂ ಪಂಜಾಬಿಗೂ ಮ್ಯಾಚ್. ಅಷ್ಟು ವರ್ಷ ಕರೆದರೂ ಬಾರದವನು ಅವತ್ತು ತಾನೇ ಫೋನ್ ಮಾಡಿ ಬರ್ತೀನಿ ಅಂದ, ಯಾಕೆಂದರೆ ಪಂಜಾಬ್ ಕಡೆ ಶುಭ್‌ಮನ್ ಗಿಲ್ ಆಡುತ್ತಿದ್ದ. ಮ್ಯಾಚ್ ಒಂಬತ್ತೂವರೆಗೆ ಶುರು ಅಂತ ಎರಡು ಸಲ ಹೇಳಿದ್ದೆ. ಹತ್ತೂಕಾಲಿಗೆ ಬಂದ. ಟ್ರಾಫಿಕ್ಕು, ಪಾರ್ಕಿಂಗು, ಎಲ್ಲಾ ಕತೆ ಹೇಳಿ, ಉಸಿರು ಬಿಟ್ಟು ಕೂತು, "ಎಲ್ಲಿ ಗಿಲ್?" ಅಂದ.

ಗಿಲ್ ನಾಲ್ಕು ರನ್ ಮಾಡಿ ಒಳಗೆ ಹೋಗಿ ಎಷ್ಟೋ ಹೊತ್ತಾಗಿತ್ತು.

ಅವನ ಮುಖ ನೋಡಬೇಕಿತ್ತು. ರಜ ಹಾಕಿ ಬಂದವನು, ವಾಪಸ್ ಆಫೀಸಿಗೆ ಹೋಗುವ ಹಾಗೂ ಇಲ್ಲ, ಸುಮ್ನೆ ಕೂತ. ಕೂತವನಿಗೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಪಾಠ ಶುರು ಮಾಡಿದರು. ಪ್ರತಿ ರಣಜಿ ಮ್ಯಾಚಿನಲ್ಲೂ ಇವರಂಥವರು ಒಬ್ಬರಾದರೂ ಇರುತ್ತಾರೆ. ರಿಟೈರ್ ಆದವರು, ತಲೆಗೆ ಟೋಪಿ, ಕೈಯಲ್ಲಿ ಬಟ್ಟೆ ಚೀಲ, ಚೀಲದಲ್ಲಿ ಮಡಚಿದ ಪೇಪರ್. ಯಾರ ಹತ್ತಿರ ಬೇಕಾದರೂ ಮಾತು ಶುರು ಮಾಡುತ್ತಾರೆ. ಆದರೆ ಬೌಲರ್ ಓಡೋಕೆ ಶುರು ಮಾಡಿದ ತಕ್ಷಣ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಬಾಲ್ ಕೀಪರ್ ಕೈ ಸೇರಿದ ಮೇಲೆ ಅದೇ ಪದದಿಂದ ಮುಂದುವರಿಸುತ್ತಾರೆ.

"ಗಿಲ್‌ನ ಟೀವಿಲಿ ನೋಡ್ಕೊಳಪ್ಪಾ, ಎಲ್ಲಿ ಹೋಗ್ತಾನೆ. ಈ ಕೌಶಿಕ್‌ನ ನೋಡು."

ವಿ. ಕೌಶಿಕ್ ಬೌಲಿಂಗ್ ಟೀವಿಯಲ್ಲಿ ನೋಡಿದರೆ ಏನೂ ಅನಿಸುವುದಿಲ್ಲ. ಭಾರೀ ವೇಗ ಇಲ್ಲ, ಬೌನ್ಸರ್ ಹಾಕಿ ಗುರಾಯಿಸುವುದಿಲ್ಲ. ಸುಮ್ನೆ ಬಂದು ಒಂದೇ ಜಾಗಕ್ಕೆ ಹಾಕುತ್ತಾನೆ, ಮತ್ತೆ ಅದೇ ಜಾಗಕ್ಕೆ ಹಾಕುತ್ತಾನೆ. ಆದರೆ ಮೈದಾನದಲ್ಲಿ ಕೂತು ಬೌಲರ್ ಒಬ್ಬನನ್ನೇ ಅಲ್ಲ, ಬ್ಯಾಟ್ಸ್‌ಮನ್ ಕಾಲನ್ನು ನೋಡಬೇಕು. ಮೊದಲ ಓವರಿನಲ್ಲಿ ಧೈರ್ಯವಾಗಿ ಮುಂದೆ ಬರುತ್ತಿದ್ದ ಕಾಲು ಮೂರನೇ ಓವರಿನ ಹೊತ್ತಿಗೆ ಹೋಗಲೋ ಬೇಡವೋ ಅನ್ನುತ್ತದೆ. ಕೀಪರ್ ಎರಡು ಹೆಜ್ಜೆ ಮುಂದೆ ಬರುತ್ತಾನೆ. ಸ್ಲಿಪ್‌ನವರು ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಾರೆ. ಇದೆಲ್ಲ ಟೀವಿಯ ಚೌಕಟ್ಟಿನಿಂದ ಆಚೆ ನಡೆಯುವುದು. ಆಮೇಲೆ ಟಕ್ ಅಂತ ಒಂದು ಸದ್ದು, ಎದುರಿನ ಸ್ಟ್ಯಾಂಡಿನಿಂದ ಅದರ ಮರುದನಿ, ಅಷ್ಟರಲ್ಲಿ ಎಲ್ಲರ ಕೈ ಮೇಲೆ.

ಪಂಜಾಬ್ 29 ಓವರ್‌ಗೆ 55 ರನ್, ಆಲೌಟ್. ಕೌಶಿಕ್‌ಗೆ 16 ರನ್ನಿಗೆ ನಾಲ್ಕು ವಿಕೆಟ್. ಗೆಳೆಯ ಗಿಲ್ ವಿಷಯ ಎತ್ತಲಿಲ್ಲ. ನಾನು ತಂದಿದ್ದ ಚಿತ್ರಾನ್ನದಲ್ಲಿ ಅರ್ಧಕ್ಕಿಂತ ಜಾಸ್ತಿ ತಿಂದ, ಅದು ಬೇರೆ ವಿಷಯ.

ಊಟದ ಹೊತ್ತಿಗೆ ಹಿರಿಯರು 1974ಕ್ಕೆ ಹೋದರು. ಹೋಗಲೇಬೇಕಲ್ಲ, ಆ ವಯಸ್ಸಿನ ಬೆಂಗಳೂರಿಗರ ಜೊತೆ ಕ್ರಿಕೆಟ್ ಮಾತಾಡಿದರೆ ಬಸ್ಸು ಕೊನೆಗೆ ಬಂದು ನಿಲ್ಲುವುದು ಅಲ್ಲೇ. ಬಾಂಬೆ ಆಗ ಸತತ 15 ವರ್ಷ ರಣಜಿ ಗೆದ್ದಿದ್ದ ಟೀಮು. ನಮಗೂ ಅವರಿಗೂ ಸೆಮಿಫೈನಲ್ ಇದೇ ಮೈದಾನದಲ್ಲಿ. ಸ್ಟೇಡಿಯಂ ಕಟ್ಟುವ ಕೆಲಸ ಇನ್ನೂ ನಡೆಯುತ್ತಿತ್ತಂತೆ, ಇವರು ಕಾಲೇಜಿಗೆ ಚಕ್ಕರ್ ಹೊಡೆದು ಬಂದಿದ್ದರಂತೆ. ನಮ್ಮ ಕಡೆ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಆಮೇಲೆ ನಮ್ಮ ಸ್ಪಿನ್ನರ್ ಪ್ರಸನ್ನ, ಬಾಂಬೆಯ ಗವಾಸ್ಕರ್‌ನ ಬೌಲ್ಡ್ ಮಾಡಿದ್ದು. ಆ ಬಾಲನ್ನು ಹಿರಿಯರು ಕೈಯಲ್ಲೇ ತೋರಿಸಿದರು, ಗಾಳಿಯಲ್ಲಿ ನಿಧಾನಕ್ಕೆ ಹೀಗೆ ಬಂದು, ಇಲ್ಲಿ ಬಿದ್ದು, ಹೀಗೆ ತಿರುಗಿ. ಐವತ್ತು ವರ್ಷದಲ್ಲಿ ಅದು ಇನ್ನೂ ಸ್ವಲ್ಪ ಜಾಸ್ತಿ ತಿರುಗಿರಬಹುದು. ಇರಲಿ.

ಆ ಮ್ಯಾಚನ್ನು ನಾವು ಗೆದ್ದದ್ದು ಮೊದಲ ಇನಿಂಗ್ಸ್ ಲೀಡ್ ಮೇಲೆ. ಹೊಸಬರಿಗೆ ಇದನ್ನು ಅರ್ಥ ಮಾಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮ್ಯಾಚ್ ಡ್ರಾ ಆದರೂ ಮೊದಲ ಇನಿಂಗ್ಸಿನಲ್ಲಿ ಮುಂದಿದ್ದವರಿಗೆ ಲೀಗಿನಲ್ಲಿ 3 ಪಾಯಿಂಟು, ಹಿಂದಿದ್ದವರಿಗೆ 1. ನಾಕೌಟ್ ಆದರೆ ಲೀಡ್ ಇದ್ದವರೇ ಮುಂದಿನ ಸುತ್ತಿಗೆ. ಹಾಗಾಗಿ ಯಾರೂ ಗೆಲ್ಲದ ಮ್ಯಾಚಿನ ಮಧ್ಯದಲ್ಲಿ, ಒಂಬತ್ತನೇ ನಂಬರಿನವನು ಒಂದು ಸಿಂಗಲ್ ತೆಗೆದದ್ದಕ್ಕೆ ನಾವು ನಲವತ್ತು ಜನ ಎದ್ದು ಕುಣಿಯುತ್ತೇವೆ. ಆಚೆ ರಸ್ತೆಯಲ್ಲಿ ಹೋಗುವವರಿಗೆ ಹುಚ್ಚರ ಹಾಗೆ ಕಾಣುತ್ತೇವೋ ಏನೋ. ಇನ್ನೊಂದು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಅಲ್ಲಿವರೆಗೆ ಟೀಮಿನ ಹೆಸರೂ ಮೈಸೂರು. ಹೆಸರು ಬದಲಾದ ಅದೇ ಸೀಸನ್ನಿನಲ್ಲಿ ಮೊದಲ ಕಪ್ ಬಂತು.

ನನ್ನ 1974 ಅಂದರೆ 2010. ಆದರೆ ನಾನು ನೋಡಿದ್ದು ಸೋಲು.

ಆಗ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದೆ. ರಣಜಿ ಫೈನಲ್, ಮುಂಬೈ ಮೇಲೆ, ಅದೂ ನಮ್ಮ ಕ್ಯಾಂಪಸ್ಸಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ! ಹಾಸ್ಟೆಲ್‌ನಿಂದ ಚಪ್ಪಲಿ ಹಾಕಿಕೊಂಡು ನಡೆದು ಹೋಗುವಷ್ಟು ದೂರ. ಮೊದಲ ಇನಿಂಗ್ಸಿನಲ್ಲಿ 130ಕ್ಕೆ ಆಲೌಟ್ ಆಗಿ 103 ರನ್ ಹಿಂದೆ ಬಿದ್ದಾಗ ಕ್ಲಾಸಿಗೆ ಹೋಗುವುದೇ ವಾಸಿ ಅಂದುಕೊಂಡಿದ್ದೆವು. ಆಮೇಲೆ ನಮ್ಮ ಬೌಲರ್ ಮಿಥುನ್ ಮುಂಬೈಯನ್ನು ಎರಡನೇ ಇನಿಂಗ್ಸಿನಲ್ಲಿ ಕೆಡವಿದ. ಗೆಲ್ಲೋಕೆ 338 ಬೇಕು. ಮೂರು ವಿಕೆಟ್ ಬೇಗ ಹೋದವು. ಅಲ್ಲಿಂದ ಮನೀಶ್ ಪಾಂಡೆ, ಗಣೇಶ್ ಸತೀಶ್ ನಿಂತರು ನೋಡಿ, ಇಬ್ಬರ ಜೊತೆಯಾಟ ಇನ್ನೂರು ದಾಟಿತು.

ಆ ಜೊತೆಯಾಟದ ಉದ್ದಕ್ಕೂ ನಮ್ಮ ಗುಂಪಿನಲ್ಲಿ ಯಾರೂ ಕೂತ ಜಾಗದಿಂದ ಅಲ್ಲಾಡುವ ಹಾಗಿರಲಿಲ್ಲ. ಎದ್ದರೆ ವಿಕೆಟ್ ಬೀಳುತ್ತದೆ. ನಮ್ಮ ರೂಮ್‌ಮೇಟ್ ಒಬ್ಬ, ಪಾಪ, ಒಂದಕ್ಕೆ ಹೋಗಬೇಕು ಅಂತ ಮುಖ ಕಿವುಚಿಕೊಂಡು ಕೂತಿದ್ದ. ಓವರ್ ಮುಗಿಯಲಿ ಅಂದೆವು. ಓವರ್ ಮುಗಿಯಿತು. ಡ್ರಿಂಕ್ಸ್ ಬರಲಿ ಅಂದೆವು. ಕೊನೆಗೆ ತಡೆಯಲಾರದೆ ಎದ್ದು ಓಡಿದ. ಮನೀಶ್ 144ಕ್ಕೆ ಔಟಾದದ್ದು ಅದಾದ ಎಷ್ಟೋ ಹೊತ್ತಿನ ಮೇಲೆ. ಆದರೂ ಇವತ್ತಿಗೂ ಅವನ ಮೇಲೆ ಆ ಕೇಸಿದೆ.

ಅವತ್ತು ಸಂಕ್ರಾಂತಿ. ಮೈಸೂರಿನ ಗೆಳೆಯನೊಬ್ಬನ ತಾಯಿ ಡಬ್ಬಿ ತುಂಬಾ ಎಳ್ಳು ಬೆಲ್ಲ ಕಳಿಸಿದ್ದರು. ಟೆನ್ಶನ್ನಿಗೆ ಹಿಡಿಹಿಡಿಯಾಗಿ ತಿಂದೆವು. ವಿಕೆಟ್ ಮೇಲೆ ವಿಕೆಟ್ ಹೋಗಿ, ಬಾಲದವರು ಒಂದೊಂದೇ ರನ್ ಸೇರಿಸುತ್ತಾ ಹೋಗಿ, ಸ್ಕೋರು 331 ಆದಾಗ ಕೊನೆಯ ವಿಕೆಟ್ ಬಿತ್ತು. ಆರು ರನ್ನಿನಿಂದ ಸೋಲು. ಇನ್ನೊಂದು ಸಿಕ್ಸರ್ ಮತ್ತೊಂದು ಸಿಂಗಲ್ ಬಂದಿದ್ದರೆ ಕಪ್ ನಮ್ಮದು. ಮೊದಲು ಪೂರ್ತಿ ಸದ್ದಿಲ್ಲ. ಆಮೇಲೆ ಯಾರೋ ಚಪ್ಪಾಳೆ ಶುರು ಮಾಡಿದರು, ಅದು ಎರಡೂ ಟೀಮಿಗೆ ಸೇರಿಸಿ ಸಿಕ್ಕಿತು. ನನ್ನ ಪಕ್ಕದಲ್ಲಿದ್ದವನು ಮಾತ್ರ ಬಾಯಲ್ಲಿ ಎಳ್ಳು ಬೆಲ್ಲ ಇಟ್ಟುಕೊಂಡೇ ಮುಂಬೈಯ ಹನ್ನೊಂದೂ ಜನರಿಗೆ, ಆಮೇಲೆ ಅಂಪೈರಿಗೆ, ಆಮೇಲೆ ಒಂದಕ್ಕೆ ಹೋದವನಿಗೆ ಬೈದ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅನ್ನುವುದು ಆ ವರ್ಷ ನಮಗೆ ಅನ್ವಯ ಆಗಲಿಲ್ಲ.

2013-14ರಲ್ಲೂ 2014-15ರಲ್ಲೂ ಕಪ್ ಗೆದ್ದೆವು. ಫೈನಲ್‌ಗಳು ಹೈದರಾಬಾದಿನಲ್ಲಿ, ಮುಂಬೈಯಲ್ಲಿ, ನಾನು ಹೋಗಿರಲಿಲ್ಲ. ವಿಚಿತ್ರ ಅಂದರೆ ಗೆದ್ದ ಆ ಎರಡೂ ನನಗೆ ಸ್ಕೋರ್‌ಕಾರ್ಡಿನ ಹಾಗೆ ನೆನಪಿವೆ. ಸೋತದ್ದು ಮಾತ್ರ ಬಾಯಿಯ ರುಚಿಯ ಸಮೇತ ನೆನಪಿದೆ.

ಮುಂಬೈಯಲ್ಲಿ ನಡೆದ ಆ 2014-15ರ ಫೈನಲ್‌ನಲ್ಲಿ 328 ಹೊಡೆದವನು ಕರುಣ್ ನಾಯರ್. ಮರುವರ್ಷವೇ ಚೆನ್ನೈನಲ್ಲಿ ಇಂಗ್ಲೆಂಡ್ ಮೇಲೆ 303, ನಾಟೌಟ್. ಆಮೇಲೆ ಅವನಿಗೆ ಭಾರತ ಟೀಮಿನಲ್ಲೂ ಜಾಗ ಹೋಯಿತು, ಕರ್ನಾಟಕದಲ್ಲೂ ಹೋಯಿತು, ವಿದರ್ಭಕ್ಕೆ ಆಡೋಕೆ ಹೋದ. 2025ರ ಫೈನಲ್‌ನಲ್ಲಿ ವಿದರ್ಭ ಕೇರಳದ ಮೇಲೆ, ಅದೇ ಮೊದಲ ಇನಿಂಗ್ಸ್ ಲೀಡಿನಲ್ಲಿ, ಕಪ್ ಎತ್ತಿತು. ಕರುಣ್ ಶತಕ ಹೊಡೆದ. ನಾನು ಟೀವಿ ಮುಂದೆ ಚಪ್ಪಾಳೆ ಹೊಡೆಯುತ್ತಾ, ಇದು ನಮ್ಮೂರ ಟೀಮಿಗೆ ಮೋಸ ಮಾಡಿದ ಹಾಗಾ ಅಂತ ಯೋಚಿಸಿದೆ. ನಮ್ಮ ಹುಡುಗ ಅಂದಮೇಲೆ ಜೆರ್ಸಿ ಬಣ್ಣ ಬದಲಾದರೆ ಏನಂತೆ ಅಂತ ನಾನೇ ಸಮಾಧಾನ ಮಾಡಿಕೊಂಡೆ. ಪೂರ್ತಿ ಸಮಾಧಾನ ಆಯಿತು ಅಂತ ಹೇಳಲಾರೆ.

ಒಂದು ಸಣ್ಣ ಗೊಣಗಾಟ. ಒಂದು ಊರಿಗೆ, ಯಾವುದು ಅಂತ ಬೇಡ, ಬೆಳಿಗ್ಗೆ ಬಸ್ಸು ಹತ್ತಿ ಮ್ಯಾಚ್ ನೋಡೋಕೆ ಹೋಗಿದ್ದೆ. ಯಾವ ಗೇಟಿನಿಂದ ಬಿಡುತ್ತಾರೆ ಅನ್ನುವುದು ಗೇಟಿನಲ್ಲಿದ್ದವರಿಗೇ ಗೊತ್ತಿರಲಿಲ್ಲ. ಒಬ್ಬರು "ಮ್ಯಾಚ್ ಇದೆಯಾ?" ಅಂತ ನನ್ನನ್ನೇ ಕೇಳಿದರು. ಒಳಗೆ ನೆರಳಿಲ್ಲ, ಕುಡಿಯೋಕೆ ನೀರಿಲ್ಲ. ಟಿಕೆಟ್ ಇಲ್ಲದ ಮ್ಯಾಚಿಗೆ ಬಂದವನು ಜೋರಾಗಿ ಕೇಳುವ ಹಾಗೂ ಇಲ್ಲ ನೋಡಿ.

2025ರ ಜೂನ್ 4ರಂದು ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರಲ್ಲ, ಆಗಿನಿಂದ ಅಮ್ಮನಿಗೆ ಸ್ಟೇಡಿಯಂ ಅಂದರೆ ಭಯ. ಮ್ಯಾಚಿಗೆ ಹೊರಟರೆ ಬಾಗಿಲಿಗೆ ಬಂದು, "ಜನ ಇರಲ್ಲ ತಾನೇ?" ಅಂತ ಕೇಳುತ್ತಾಳೆ. ಯಾರೂ ಇರಲ್ಲಮ್ಮ ಅನ್ನುತ್ತೇನೆ. ಯಾರೂ ಬರಲ್ಲ ಅಂತ ನಾನು ಎಷ್ಟು ಜನರ ಹತ್ತಿರ ಬೇಜಾರು ಮಾಡಿಕೊಂಡಿದ್ದೇನೋ, ಅಮ್ಮನಿಗೆ ಅದೇ ಧೈರ್ಯ.

ಪಂಜಾಬ್ ಮ್ಯಾಚಿಗೆ ವಾಪಸ್ ಬಂದರೆ, ಆರ್. ಸ್ಮರಣ್ 203 ಹೊಡೆದ, ನಾವು 475. ಭಾನುವಾರ ನಾಲ್ಕನೇ ದಿನ, ಗಣರಾಜ್ಯೋತ್ಸವದ ರಜ ಬೇರೆ, ಹೆಂಡತಿ ಮಗಳನ್ನೂ ಕರೆದುಕೊಂಡು ಹೋಗುವುದು ಅಂತ ಪ್ಲಾನ್ ಮಾಡಿದ್ದೆ. ಮಗಳಿಗೆ ಗೆಳೆಯನಿಂದ ಬೈನಾಕ್ಯುಲರ್ ಕೂಡ ಇಸ್ಕೊಂಡಿದ್ದೆ. ಎರಡನೇ ಇನಿಂಗ್ಸಿನಲ್ಲಿ ಗಿಲ್ 102 ಹೊಡೆದ, ಉಳಿದವರು ನಿಲ್ಲಲಿಲ್ಲ. ಇನಿಂಗ್ಸ್ ಮತ್ತು 207 ರನ್ ಗೆಲುವು, ಶನಿವಾರವೇ ಮುಗಿಯಿತು. ಗೆಳೆಯನಿಗೆ ಗಿಲ್ ಶತಕದ ಫೋಟೋ ಕಳಿಸಿದೆ. ಅವತ್ತು ಅವನು ಆಫೀಸಿನ ಕೆಲಸದಲ್ಲಿದ್ದ. ಉತ್ತರವಾಗಿ ಬಂದದ್ದನ್ನು ಇಲ್ಲಿ ಬರೆಯೋಕಾಗಲ್ಲ.

ಭಾನುವಾರ ಬೆಳಿಗ್ಗೆ ಹೆಂಡತಿ ಮಾಡಿಟ್ಟಿದ್ದ ಪುಳಿಯೋಗರೆ ಡಬ್ಬಿ ಹಿಡಿದುಕೊಂಡು ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದೆವು. ಒಳಗೆ ಹೋಗೋಕೇ ಒಂದು ಗಂಟೆ ಕ್ಯೂ. ಮಗಳು ಬೈನಾಕ್ಯುಲರಿನಲ್ಲಿ ಗ್ಲಾಸ್ ಹೌಸ್ ನೋಡಿ, ಬರೀ ತಲೆ ಕಾಣ್ತಿದೆ ಅಪ್ಪಾ ಅಂದಳು.