ರಾತ್ರಿ ಎಚ್ಚರ ಆದ್ರೆ ಯಾರನ್ನ ಎಬ್ಬಿಸ್ಲಿ?

ಏಪ್ರಿಲ್ 3, 2025, ಗುರುವಾರ

ಬೇಸಿಗೆ ಶಿಬಿರಕ್ಕೆ ಹೆಸರು ಕೊಡಲು ನಾಳೆ ಕೊನೆ ದಿನ. ಒಂದು ವಾರ ಅಲ್ಲೇ ಊಟ, ಅಲ್ಲೇ ನಿದ್ದೆ, ಫೋನ್ ಇಲ್ಲ. ಮಗಳಿಗೆ 9 ವರ್ಷ. ಎಷ್ಟು ವಯಸ್ಸಿಗೆ ಕಳಿಸಬಹುದು ಅಂತ ಸಿಕ್ಕಸಿಕ್ಕವರನ್ನೆಲ್ಲ ಕೇಳಿ ಆಯಿತು. ಅಕ್ಕನ ಚಿಕ್ಕ ಮಗ 7ಕ್ಕೇ ಹೋಗಿ ಕುಣಿದುಕೊಂಡು ಬಂದ. ಅವನ ಅಣ್ಣ 11 ತುಂಬಿದರೂ ಜಪ್ಪಯ್ಯ ಅನ್ನಲಿಲ್ಲ. ವಯಸ್ಸು ನೋಡಿದರೆ ಏನೂ ಗೊತ್ತಾಗಲ್ಲ.

ಸ್ನಾನ, ಬಟ್ಟೆ, ಜಡೆ ಎಲ್ಲ ಅವಳೇ ಮಾಡಿಕೊಳ್ಳುತ್ತಾಳೆ. ಜಡೆ ಸೊಟ್ಟ, ಇರಲಿ. ನಾವಿಲ್ಲದೆ ಅಜ್ಜಿ ಮನೆಯಲ್ಲಿ ಮಲಗಿದ್ದೂ ಇದೆ. ಆದರೆ ಅಜ್ಜಿ ಮನೆ ಲೆಕ್ಕಕ್ಕೆ ಬರುತ್ತಾ? ಅಲ್ಲಿ ಬಾಯಿ ಬಿಡುವ ಮೊದಲೇ ಎಲ್ಲ ಕೈಗೆ ಬರುತ್ತದೆ. ಪರಿಚಯವೇ ಇಲ್ಲದ ದೊಡ್ಡವರ ಹತ್ತಿರ ಹೋಗಿ ‘ಹೊಟ್ಟೆ ನೋಯ್ತಿದೆ’ ಅಂತ ಹೇಳುತ್ತಾಳಾ? ನನ್ನ ಪರೀಕ್ಷೆ ಅಂದರೆ ಅದೊಂದೇ. ಉಳಿದದ್ದನ್ನು ಹೋದ ಮೇಲೂ ಕಲಿಯಬಹುದು.

ಸಂಜೆ ಬಟ್ಟೆ ಮಡಚುತ್ತಿದ್ದೆ. ಪಕ್ಕದಲ್ಲಿ ಬಂದು ಕೂತಳು.

“ಅಮ್ಮ, ಅಲ್ಲಿ ರಾತ್ರಿ ಎಚ್ಚರ ಆದ್ರೆ ಯಾರನ್ನ ಎಬ್ಬಿಸ್ಲಿ?”

“ಒಬ್ರು ಅಕ್ಕ ಅಲ್ಲೇ ಮಲಗಿರ್ತಾರಂತೆ.”

“ಅವ್ರು ಬೈದ್ರೆ?”

“ಯಾಕೆ ಬೈತಾರೆ?”

ಸುಮ್ಮನಾದಳು. ಒಂದು ಕಾಲುಚೀಲ ತೆಗೆದುಕೊಂಡು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. “ಹಾಸಿಗೆ ಒದ್ದೆ ಆದ್ರೆ?”

ಓ, ಇದಾ ವಿಷಯ. ಈಗೀಗ ಅಪರೂಪ. ನಾನು ಮರೆತೇಬಿಟ್ಟಿದ್ದೆ. ಅವಳು ಮರೆತಿರಲಿಲ್ಲ. (ಇದನ್ನು ಬರೆಯಲಾ ಅಂತ ಅವಳನ್ನೇ ಕೇಳಿದೆ. “ಹೆಸರು ಹಾಕ್ಬೇಡ” ಅಂದಳು.) 10 ವರ್ಷದ ಮಕ್ಕಳಲ್ಲೂ ನೂರಕ್ಕೆ ಸುಮಾರು 5 ಮಕ್ಕಳಿಗೆ ಹೀಗಾಗುತ್ತೆ, ಬೆಳೀತಾ ಬೆಳೀತಾ ತಾನೇ ನಿಲ್ಲುತ್ತೆ ಅಂದೆ. ಅಲ್ಲಿ ಎಷ್ಟು ಮಕ್ಕಳು ಬರ್ತಾರೆ ಅಂತ ಕೇಳಿದಳು. 40. ಬೆರಳು ಮಡಚಿ ಲೆಕ್ಕ ಹಾಕಿದಳು. “ಹಾಗಾದ್ರೆ ಇಬ್ರು. ಇನ್ನೊಬ್ರು ಯಾರು?”

ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಆಮೇಲೆ ಶಿಬಿರದವರಿಗೆ ಫೋನ್ ಮಾಡಿದೆ. ಮಕ್ಕಳ ಕೋಣೆಯಲ್ಲಿ ಯಾರು ಮಲಗುತ್ತಾರೆ, ಔಷಧಿ ಯಾರ ಕೈಯಲ್ಲಿರುತ್ತೆ, ದೊಡ್ಡವರೊಬ್ಬರೇ ಒಂದು ಮಗುವಿನ ಜೊತೆ ಬಾಗಿಲು ಹಾಕಿಕೊಂಡು ಇರುವಂಥ ಸಂದರ್ಭ ಬರುತ್ತಾ, ಎಲ್ಲ ಕೇಳಿದೆ. ಕೊನೆಯದನ್ನು ಕೇಳಲು ಸಂಕೋಚವಾಯಿತು, ಆದರೂ ಬಿಡಲಿಲ್ಲ. ಆ ಕಡೆಯ ಹೆಂಗಸು ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟರು. ಹಾಸಿಗೆ ವಿಷಯಕ್ಕೆ, “ಫಾರಂನಲ್ಲಿ ಬರೆದುಬಿಡಿ. ಬೇರೆ ಮಕ್ಕಳಿಗೆ ಗೊತ್ತಾಗದ ಹಾಗೆ ನೋಡ್ಕೋತೀವಿ” ಅಂದರು. ನಗಲಿಲ್ಲ. ನನಗೆ ಅರ್ಧ ಧೈರ್ಯ ಬಂದಿದ್ದೇ ಅಲ್ಲಿ.

ಊಟದ ಹೊತ್ತಿಗೆ ಇವರು ಎಲ್ಲ ಕೆಡಿಸಿದರು. “ಅಳು ಬಂದ್ರೆ ಹೇಳಿಸು ಪುಟ್ಟಿ, ಆ ಕ್ಷಣವೇ ಬಂದು ಕರ್ಕೊಂಡು ಬರ್ತೀನಿ” ಅಂದರು. ನನಗೆ ರೇಗಿತು. ನೀನು ಇರಲಾರೆ ಅಂತ ನಾವೇ ಮೊದಲೇ ತೀರ್ಪು ಕೊಟ್ಟ ಹಾಗಾಯಿತಲ್ಲ! ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲಿ ಈ ಮನೆ ನೆನಪಿನ ಬಗ್ಗೆಯೇ ಒಂದು ವರದಿ ತಂದಿತ್ತು. ಅದರಲ್ಲೂ ಇದೇ ಇದೆ. ಕರೆದುಕೊಂಡು ಬರ್ತೀವಿ ಅಂತ ಮಾತು ಕೊಡಬೇಡಿ, ಹೋಗೋದಾ ಬೇಡವಾ ಅನ್ನೋ ತೀರ್ಮಾನದಲ್ಲಿ ಮಗುವನ್ನೂ ಸೇರಿಸಿಕೊಳ್ಳಿ ಅಂತ. ಮನೆ ನೆನಪು ಸ್ವಲ್ಪವಾದರೂ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಬರುತ್ತೆ. ಅದು ಕಾಯಿಲೆ ಅಲ್ಲ.

“ನಿಜವಾಗ್ಲೂ ಜ್ವರ ಬಂದ್ರೆ?” ಅಂದರು.

“ಅದು ಬೇರೆ. ಅವರೇ ಫೋನ್ ಮಾಡ್ತಾರೆ.”

ತಟ್ಟೆ ನೋಡುತ್ತಾ ಕೂತರು. ಯಾರಿಗೆ ಅಳು ಬರುತ್ತೆ ಅಂತ ನನಗೆ ಗೊತ್ತಿಲ್ಲವಾ.

ವಿಚಿತ್ರ ಏನು ಅಂದ್ರೆ, ಇಷ್ಟೆಲ್ಲ ಆದರೂ “ನಿನಗೆ ಹೋಗೋಕೆ ಇಷ್ಟ ಇದೆಯಾ” ಅಂತ ಅವಳನ್ನು ನೇರವಾಗಿ ಯಾರೂ ಕೇಳಿಲ್ಲ. ನಾನು ಕೇಳಿದರೆ ನನ್ನ ಮುಖ ನೋಡಿಕೊಂಡು ಉತ್ತರ ಕೊಡುತ್ತಾಳೆ. ಚಿಕ್ಕಂದಿನಿಂದಲೂ ಹಾಗೇ. ಇವರ ಕೈಲಿ ಕೇಳಿಸೋಣ ಅಂದ್ರೆ, ಇವರ ಮುಖವಂತೂ ಇನ್ನೂ…